ಮಧುಚಂದ್ರದ ಹನ್ನೆರಡು ಪುಟಗಳು

ವಿವಾಹವು ಒಂದು ದಿನದ ಸಮಾರಂಭವಾದರೂ ಅದರ ನೆನಪು ತಲೆಮಾರಿನಿಂದ ತಲೆಮಾರಿಗೆ ಉಳಿದು ಬರತಕ್ಕದ್ದು. ನಮ್ಮ ಹಿರಿಯರ ಮನೆಗಳಲ್ಲಿ ಆ ನೆನಪಿಗೆ ಒಂದು ನಿಶ್ಚಿತ ಸ್ಥಾನವಿತ್ತು. ಕಪಾಟಿನ ಮೇಲಿನ ಹಲಗೆಯಲ್ಲಿ, ಮದುವೆಯ ಸಾಡೊ ಸೀರೆಯ ಪಕ್ಕದಲ್ಲಿ, ದಪ್ಪ ರಟ್ಟಿನ ಆಲ್ಬಮ್ ಒಂದು ಇರುತ್ತಿತ್ತು. ಕಪ್ಪು ಕಾಗದದ ಪುಟಗಳು, ಫೋಟೋದ ನಾಲ್ಕು ಮೂಲೆಗಳನ್ನು ಹಿಡಿದಿಡುವ ತ್ರಿಕೋನಾಕಾರದ ಕಾಗದಗಳು, ಪುಟಗಳ ನಡುವೆ ಬಣ್ಣವಿಲ್ಲದ ತೆಳು ಕಾಗದ. ಮನೆಗೆ ನೆಂಟರು ಬಂದಾಗ ಅದು ಹೊರಗೆ ಬರುತ್ತಿತ್ತು; ನೋಡಿ ಮುಗಿದ ಬಳಿಕ ಒಳಗೆ ಹೋಗುತ್ತಿತ್ತು.

ಇಂದು ನಮ್ಮ ಮನೆಗಳಲ್ಲಿ ಫೋಟೋಗಳಿಗೆ ಬರವಿಲ್ಲ. ಆದರೆ ಅವು ಫೋನಿನೊಳಗೆ ಇವೆ. ಮದುವೆಯ ಚಿತ್ರ, ಮಧುಚಂದ್ರದ ಚಿತ್ರ, ವಿದ್ಯುತ್ ಬಿಲ್ಲಿನ ಚಿತ್ರ, ಯಾರೋ ಕಳುಹಿಸಿದ ಶುಭೋದಯದ ಚಿತ್ರ ಎಲ್ಲವೂ ಒಂದೇ ರಾಶಿಯಲ್ಲಿ ಬಿದ್ದಿವೆ. ಆ ರಾಶಿಯಿಂದ ನಮ್ಮ ಮಧುಚಂದ್ರದ ಪ್ರವಾಸವನ್ನು ಹೆಕ್ಕಿ ತೆಗೆದು ಹನ್ನೆರಡು ಪುಟಗಳಲ್ಲಿ ಜೋಡಿಸಿದ ಅನುಭವವನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ. ನಾವು ಈ ಕೆಲಸಕ್ಕೆ ಕೈ ಹಾಕಿದ್ದು ಹವ್ಯಾಸಕ್ಕಾಗಿ ಅಲ್ಲ, ಒಂದು ನಷ್ಟದ ಬಳಿಕ.

ಮಳೆಯಲ್ಲಿ ನೆನೆದ ಫೋನು

ನಮ್ಮ ವಿವಾಹ ನೆರವೇರಿದ್ದು 2019ರ ಜನವರಿಯಲ್ಲಿ. ಅದಾದ ನಾಲ್ಕನೆಯ ದಿನ ನಾವಿಬ್ಬರೂ ಮಂಗಳೂರಿನಿಂದ ರೈಲಿನಲ್ಲಿ ಗೋವೆಗೆ ಹೊರಟೆವು. ನಮ್ಮ ಹಿರಿಯರು ಶತಮಾನಗಳ ಹಿಂದೆ ಬಿಟ್ಟು ಬಂದ ನಾಡನ್ನು ಒಮ್ಮೆ ಜೊತೆಯಾಗಿ ನೋಡಬೇಕೆಂಬ ಆಸೆ ಇಬ್ಬರಿಗೂ ಇತ್ತು. ಐದು ದಿನಗಳಲ್ಲಿ ಒಂದೇ ಫೋನಿನಿಂದ 780 ಚಿತ್ರಗಳನ್ನು ತೆಗೆದೆವು. ಊರಿಗೆ ಮರಳಿದ ಮೇಲೆ ಒಂದು ವಾರ ಎಲ್ಲರಿಗೂ ತೋರಿಸಿದೆವು. ಆ ಬಳಿಕ ಮರೆತೆವು. ಬೇರೆಡೆ ಪ್ರತಿ ತೆಗೆದಿಡಬೇಕೆಂದು ಹಲವು ಬಾರಿ ಮಾತನಾಡಿಕೊಂಡೆವು, ಆದರೆ ಮಾಡಲಿಲ್ಲ. 2020ರ ಜುಲೈಯ ಒಂದು ಸಂಜೆ ಬೈಕಿನಲ್ಲಿ ಬರುವಾಗ ಕಿಸೆಯಲ್ಲಿದ್ದ ಆ ಫೋನು ಮಳೆಗೆ ಪೂರ್ತಿ ನೆನೆಯಿತು. ಅಕ್ಕಿಯ ಡಬ್ಬಿಯಲ್ಲಿ ಇಟ್ಟದ್ದೂ ವ್ಯರ್ಥ, ದುರಸ್ತಿಗೆ ಕೊಟ್ಟದ್ದೂ ವ್ಯರ್ಥ. ತಪ್ಪು ನಮ್ಮದೇ ಆಗಿತ್ತು.

ಮರುವರ್ಷ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ನಮ್ಮಲ್ಲೊಬ್ಬರಿಗೆ ಅವರು ತಂದೆ, ಇನ್ನೊಬ್ಬರಿಗೆ ಮಾವ. ಅವರ ಪ್ರಥಮ ವರ್ಷದ ಬಲಿಪೂಜೆಗೆಂದು ಸ್ಮರಣ ಪತ್ರ ಮುದ್ರಿಸಲು ಒಳ್ಳೆಯ ಭಾವಚಿತ್ರವೊಂದನ್ನು ಹುಡುಕುತ್ತಿದ್ದಾಗ, ಮಸ್ಕತ್‌ನಲ್ಲಿರುವ ತಂಗಿ ತನ್ನ ಫೋನಿನಿಂದ ಒಂದು ಚಿತ್ರ ಕಳುಹಿಸಿದಳು. ರಜೆ ದೊರೆಯದೆ ಮದುವೆಗೆ ಬರಲಾಗದಿದ್ದ ಅವಳಿಗೆ ನಾವು ಪ್ರವಾಸದುದ್ದಕ್ಕೂ ವಾಟ್ಸಾಪ್‌ನಲ್ಲಿ ಚಿತ್ರ ಕಳುಹಿಸುತ್ತಿದ್ದೆವು. ಅವಳು ಒಂದನ್ನೂ ಅಳಿಸಿರಲಿಲ್ಲ.

ಅವಳು ಕಳುಹಿಸಿದ್ದು ಸ್ಮರಣ ಪತ್ರಕ್ಕೆ ತಕ್ಕ ಚಿತ್ರವಾಗಿರಲಿಲ್ಲ. ರೈಲು ಹೊರಟ ಕ್ಷಣದಲ್ಲಿ ಕಿಟಕಿಯಿಂದ ತೆಗೆದದ್ದು, ಸ್ವಲ್ಪ ಅಲುಗಿತ್ತು. ಪ್ಲಾಟ್‌ಫಾರಂ ಮೇಲೆ ಅಪ್ಪ ಒಂದು ಕೈ ಮೇಲೆತ್ತಿ ನಿಂತಿದ್ದರು, ಇನ್ನೊಂದು ಕೈಯಲ್ಲಿ ನಮಗೆ ಕೊಡಲು ಮರೆತ ನೀರಿನ ಬಾಟಲಿ. ಮೂಲ ಚಿತ್ರ ನಮ್ಮ ಕೈಯಲ್ಲೇ ಇದ್ದಿದ್ದರೆ ಅಸ್ಪಷ್ಟವೆಂದು ಎಂದೋ ಅಳಿಸಿಬಿಡುತ್ತಿದ್ದೆವೇನೋ. ಅಂದು ರಾತ್ರಿಯೇ ತಂಗಿಯಿಂದ ಉಳಿದ ಚಿತ್ರಗಳನ್ನೆಲ್ಲ ತರಿಸಿಕೊಂಡೆವು. ಒಟ್ಟು 164 ಇದ್ದವು.

ಪುಟದ ಅಳತೆ, ಚಿತ್ರದ ಅಳತೆ

ಸ್ಕ್ರಾಪ್‌ಬುಕ್ ಎಂಬ ಪದ ಕೆಲವರಿಗೆ ಹೊಸದಾಗಿರಬಹುದು. ಫೋಟೋ, ಟಿಕೆಟು, ಒಣಗಿದ ಹೂವು, ಪತ್ರಿಕೆಯ ತುಣುಕು ಇತ್ಯಾದಿಗಳನ್ನು ಅಂಟಿಸಿ, ಬದಿಯಲ್ಲಿ ನಾಲ್ಕು ಮಾತು ಬರೆದಿಡುವ ಪುಸ್ತಕವೇ ಅದು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಮೊದಲೇ ಅಂಟು ಬಳಿದಿಟ್ಟ ಪುಟಗಳ ಸ್ಕ್ರಾಪ್‌ಬುಕ್‌ಗೆ 1873ರಲ್ಲೇ ಪೇಟೆಂಟ್ ಪಡೆದಿದ್ದರು. ಗೋಂದು ಕತ್ತರಿಗಳ ಆ ಕೆಲಸವನ್ನೇ ಈಗ ಕಂಪ್ಯೂಟರಿನ ತೆರೆಯ ಮೇಲೆ ಮಾಡಬಹುದಾಗಿದೆ. ಫೋಟೋಶಾಪ್ ಬಲ್ಲವರು ಅದನ್ನು ಬಳಸಬಹುದು. ಗಿಂಪ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಫೋನಿನಲ್ಲೇ ಮಾಡುವವರಿಗೆ ಕ್ಯಾನ್ವಾದಂತಹ ಸಾಧನಗಳಿವೆ. ನಾವು ಗಿಂಪ್ ಆರಿಸಿಕೊಂಡೆವು.

ಇಲ್ಲಿ ಮೊದಲು ತಿಳಿಯಬೇಕಾದದ್ದು ಪದರಗಳ ವಿಚಾರ. ತಳದಲ್ಲಿ ಹಿನ್ನೆಲೆಯ ಕಾಗದ, ಅದರ ಮೇಲೆ ಚಿತ್ರ, ಚಿತ್ರದ ಸುತ್ತ ಚೌಕಟ್ಟು, ಎಲ್ಲಕ್ಕಿಂತ ಮೇಲೆ ಅಕ್ಷರ. ಪ್ರತಿಯೊಂದೂ ಪ್ರತ್ಯೇಕ ಗಾಜಿನ ಹಾಳೆಯ ಮೇಲಿದ್ದಂತೆ ಇರುವುದರಿಂದ ಒಂದನ್ನು ಸರಿಸಿದರೆ ಇನ್ನೊಂದು ಕೆಡುವುದಿಲ್ಲ. ಪದರಗಳನ್ನು ಕಾಯ್ದಿಡುವ ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಂಡು, ಮುದ್ರಣಕ್ಕೆ ಮಾತ್ರ ಜೆಪೆಗ್ ಪ್ರತಿ ತೆಗೆಯಬೇಕು. ಜೆಪೆಗ್ ಚಿತ್ರವನ್ನು ಮತ್ತೆ ಮತ್ತೆ ತಿದ್ದಿ ಉಳಿಸಿದಷ್ಟೂ ಅದರ ಗುಣಮಟ್ಟ ಕುಂದುತ್ತದೆ.

ಎರಡನೆಯದು ಅಳತೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂಬುದು ರೂಢಿ. ಹನ್ನೆರಡು ಇಂಚಿನ ಚೌಕ ಪುಟವೆಂದರೆ ಪ್ರತಿ ಬದಿಗೆ 3600 ಪಿಕ್ಸೆಲ್. ನಮ್ಮ ಫೋನಿನ ಮೂಲ ಚಿತ್ರಗಳು 4000ಕ್ಕೆ 3000 ಪಿಕ್ಸೆಲಿನವು. ಅವುಗಳಲ್ಲಿ ಒಂದೇ ಚಿತ್ರ ಪುಟದ ಅಗಲವನ್ನೆಲ್ಲ ತುಂಬುತ್ತಿತ್ತು. ಆದರೆ ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದಾಗ ಚಿತ್ರ ಕಿರಿದಾಗುತ್ತದೆ. ತಂಗಿಯ ಬಳಿ ಇದ್ದವುಗಳ ಉದ್ದದ ಬದಿ ಸುಮಾರು 1600 ಪಿಕ್ಸೆಲ್, ಅಂದರೆ ಮುದ್ರಣದಲ್ಲಿ ಐದೂ ಕಾಲು ಇಂಚಿಗಿಂತ ತುಸು ಹೆಚ್ಚು. ಹಿಗ್ಗಿಸಿ ನೋಡಿದೆವು, ಮುಖಗಳು ಮಸುಕಾದವು. ಇದ್ದ ಅಳತೆಯನ್ನೇ ಒಪ್ಪಿಕೊಂಡು, ಪುಟಕ್ಕೆ ಮೂರು ನಾಲ್ಕು ಚಿಕ್ಕ ಚಿತ್ರಗಳನ್ನಿಟ್ಟು, ಉಳಿದ ಸ್ಥಳವನ್ನು ಬರವಣಿಗೆಗೆ ಬಿಟ್ಟೆವು. ಬಡತನದಿಂದ ಹುಟ್ಟಿದ ಈ ಏರ್ಪಾಡೇ ಕೊನೆಗೆ ಪುಟಗಳಿಗೆ ಶೋಭೆ ತಂದಿತು.

ಚಿತ್ರಕ್ಕೊಂದು ಮಾತು

ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ದಿನ, ಗಂಟೆ, ಕೆಲವೊಮ್ಮೆ ಸ್ಥಳವೂ ಗುಪ್ತವಾಗಿ ದಾಖಲಾಗಿರುತ್ತದೆ. ವಾಟ್ಸಾಪ್ ಮೂಲಕ ಸಾಗಿ ಬಂದ ನಮ್ಮ ಚಿತ್ರಗಳಲ್ಲಿ ಆ ದಾಖಲೆಯೂ ಉಳಿದಿರಲಿಲ್ಲ. ಆದರೆ ತಂಗಿಗೆ ಬರೆದ ಸಂದೇಶಗಳು ಗಂಟೆ ನಿಮಿಷ ಸಹಿತ ಉಳಿದಿದ್ದವು. ಹೊನ್ನಾವರದ ಬಳಿ ಶರಾವತಿಯ ಮೇಲೆ 2 ಕಿಲೋಮೀಟರಿಗೂ ಮಿಕ್ಕಿದ ಸೇತುವೆಯನ್ನು ದಾಟುವಾಗ "ಇನ್ನೂ ಮುಗಿಯಲಿಲ್ಲ, ಇನ್ನೂ ನೀರೇ" ಎಂದು ಬರೆದಿದ್ದೆವು. ಪಣಜಿಯ ಫೊಂತೈನ್ಹಾಸ್ ಕೇರಿಯ ಹಳದಿ ನೀಲಿ ಗೋಡೆಗಳ ಚಿತ್ರದ ಕೆಳಗೆ "ಇಲ್ಲೊಂದು ಮನೆ ಬಾಡಿಗೆಗೆ ಸಿಗಬಹುದೇ?" ಎಂದಿತ್ತು. ಗೊತ್ತಿಲ್ಲದೆಯೇ ನಾವು ದಿನಚರಿ ಬರೆದಿದ್ದೆವು. ಆ ಮಾತುಗಳನ್ನು ತಿದ್ದದೆ ಪುಟಕ್ಕೆ ಇಳಿಸಿದೆವು.

ಹಳೆಯ ಗೋವೆಗೆ ಎರಡು ಪುಟ ಮೀಸಲಾದವು. 1594ರಲ್ಲಿ ಕಟ್ಟಲಾರಂಭಿಸಿ 1605ರಲ್ಲಿ ಪ್ರತಿಷ್ಠೆಗೊಂಡ, ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರವಿರುವ ಬೊಮ್ ಜೀಸಸ್ ಬೆಸಿಲಿಕಾದ ಎದುರು ತೆಗೆದ ಮೂರು ಚಿತ್ರಗಳಿದ್ದವು. ಗಾರೆಯಿಲ್ಲದ ಆ ಮುರಕಲ್ಲಿನ ಗೋಡೆಯ ಬಣ್ಣವನ್ನೇ ಹಿನ್ನೆಲೆಯ ಕಾಗದಕ್ಕೂ ಆರಿಸಿದೆವು. ಸಂತ ಅಗಸ್ಟೀನರ ದೇವಾಲಯದ ಕಮಾನು 1842ರಲ್ಲಿ ಕುಸಿದ ಬಳಿಕ ಈಗ ಅಲ್ಲಿ ಮುಖ್ಯವಾಗಿ ಕಾಣುವುದು ಉಳಿದ ಗೋಪುರ. ಅದರ ನೆರಳಲ್ಲಿ ಬಹಳ ಹೊತ್ತು ಕುಳಿತಿದ್ದುದು ನಮಗಿಬ್ಬರಿಗೂ ನೆನಪಿದೆ. ಆದರೆ ಅಲ್ಲಿನ ಒಂದು ಚಿತ್ರವನ್ನೂ ತಂಗಿಗೆ ಕಳುಹಿಸಿರಲಿಲ್ಲ. ಅಂತರ್ಜಾಲದಿಂದ ಬೇರೆಯವರ ಚಿತ್ರ ತಂದು ಹಾಕಲು ಮನಸ್ಸೊಪ್ಪಲಿಲ್ಲ. ಒಂದು ಖಾಲಿ ಚೌಕಟ್ಟನ್ನು ಇಟ್ಟು ಅದರೊಳಗೆ "ಇಲ್ಲಿ ಗೋಪುರವಿತ್ತು, ನಾವೂ ಇದ್ದೆವು" ಎಂದಷ್ಟೇ ಬರೆದೆವು.

ದಿವಾರ್ ದ್ವೀಪಕ್ಕೆ ದೋಣಿಯಲ್ಲಿ ದಾಟಿದ ದಿನದ ಬಗ್ಗೆ ನಮ್ಮ ನೆನಪುಗಳು ಕೂಡಲಿಲ್ಲ. ದೋಣಿಗಾಗಿ ಕಾಯುತ್ತಾ ತಿಂದದ್ದು ಬೆಬಿಂಕಾ ಎಂದು ಒಬ್ಬರು, ದೊದೊಲ್ ಎಂದು ಇನ್ನೊಬ್ಬರು. ಎರಡನ್ನೂ ಬರೆದೆವು. ಅಂದಿನ ಸಂದೇಶಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಏನೂ ಇರಲಿಲ್ಲ. ಏಕೆಂದು ಇಬ್ಬರಿಗೂ ನೆನಪಿತ್ತು, ಆದರೆ ಯಾರೂ ಮೊದಲು ಹೇಳಲಿಲ್ಲ. ಕಚೇರಿಯಿಂದ ಬಂದ ಕರೆಯೊಂದು ದೀರ್ಘವಾಗಿ, ಅದರಿಂದ ಮಾತಿಗೆ ಮಾತು ಬೆಳೆದು, ಮದುವೆಯಾದ ಏಳನೆಯ ದಿನ ನಾವು ಮೊದಲ ಬಾರಿ ಜಗಳವಾಡಿದ್ದೆವು. ಇದನ್ನು ಪುಟದಲ್ಲಿ ಹಾಕಬೇಕೇ ಎಂದು ಎರಡು ಆದಿತ್ಯವಾರ ಚರ್ಚೆಯಾಯಿತು. ಕೊನೆಗೆ ಚಿಕ್ಕ ಅಕ್ಷರಗಳಲ್ಲಿ ಹೀಗೆ ಬರೆದೆವು: "ಮಧ್ಯಾಹ್ನ ಮಾತಿಲ್ಲ. ಸಂಜೆ ಚಹಾ ಕುಡಿದ ಮೇಲೆ ಮಾತು." ಸುಂದರ ಚಿತ್ರಗಳನ್ನು ಮಾತ್ರ ಪೇರಿಸಿಟ್ಟರೆ ಅದು ಪ್ರವಾಸೋದ್ಯಮದ ಜಾಹೀರಾತಾಗುತ್ತದೆ, ಕುಟುಂಬದ ಪುಸ್ತಕವಾಗುವುದಿಲ್ಲ.

ಕೆಲವು ಮುನ್ನೆಚ್ಚರಿಕೆಗಳು

ಇಂತಹ ಪುಟಗಳನ್ನು ಮಾಡಬಯಸುವವರಿಗೆ ನಾವು ತಪ್ಪಿ ಕಲಿತ ಕೆಲವು ಪಾಠಗಳನ್ನು ಹೇಳಬಹುದು. ಕನ್ನಡ ಬರವಣಿಗೆಗೆ ಯೂನಿಕೋಡ್ ಅಕ್ಷರಗಳನ್ನೇ ಬಳಸಿರಿ. ನೋಟೊ ಸಾನ್ಸ್ ಕನ್ನಡದಂತಹವು ಉಚಿತವಾಗಿ ದೊರೆಯುತ್ತವೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದರೆ ಅಕ್ಷರಗಳ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಒತ್ತಬೇಕಾಗಿತ್ತು. ಪುಟದ ಅಂಚಿನಿಂದ ಅರ್ಧ ಇಂಚಿನೊಳಗೆ ಮುಖವನ್ನಾಗಲೀ ಅಕ್ಷರವನ್ನಾಗಲೀ ಇಡಬಾರದು. ಕತ್ತರಿಸುವಾಗ, ಹೊಲಿಯುವಾಗ ಅವು ಮರೆಯಾಗಬಹುದು. ತೆರೆಯ ಮೇಲೆ ಬೆಳಗುವ ಬಣ್ಣ ಕಾಗದದ ಮೇಲೆ ಮಂಕಾಗುವುದುಂಟು. ಆದುದರಿಂದ ಮೊದಲು ಒಂದೇ ಪುಟವನ್ನು ಮುದ್ರಿಸಿ ನೋಡುವುದು ಕ್ಷೇಮ. ಚಿತ್ರಗಳನ್ನು ಬಂಧುಗಳಿಗೆ ಕಳುಹಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಅವು ಕಿರಿದಾಗುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಮನೆಯ ಹೊರಗೆ, ಬಂಧುಗಳ ಬಳಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ. ನಮ್ಮ ಪಾಲಿಗೆ ಆ ಮೂರನೆಯ ಸ್ಥಳ ಮಸ್ಕತ್‌ನ ತಂಗಿಯಾಗಿದ್ದಳು. ಅದು ನಮ್ಮ ಜಾಣತನವಲ್ಲ, ಅವಳ ಪ್ರೀತಿ.

ಅಮ್ಮ ತಂದ ಫೋಟೋ

164 ಚಿತ್ರಗಳಲ್ಲಿ 41ನ್ನು ಆರಿಸಿದೆವು. ಮೊದಲ ಪುಟದಲ್ಲಿ ನಾವಿಬ್ಬರೂ ಇಲ್ಲ. ನೀರಿನ ಬಾಟಲಿ ಹಿಡಿದು ಕೈ ಎತ್ತಿದ ಅಪ್ಪ ಇದ್ದಾರೆ. ಹನ್ನೊಂದು ಪುಟಗಳನ್ನು ಪರೀಕ್ಷೆಗೆಂದು ಸಾಧಾರಣ ಕಾಗದದಲ್ಲಿ ಮುದ್ರಿಸಿ ಅಮ್ಮನ ಕೈಗೆ ಕೊಟ್ಟೆವು. ಅವರು ಮೊದಲ ಪುಟವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಬಳಿಕ ಕನ್ನಡಕ ಸರಿಪಡಿಸಿ ಒಂದೊಂದೇ ಪುಟ ಓದುತ್ತಾ ಹೋದರು. ದಿವಾರ್ ಪುಟಕ್ಕೆ ಬಂದಾಗ ನಕ್ಕರು. ಅಪ್ಪ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕದ್ದನ್ನು ನಾವು ಕಂಡಿರಲಿಲ್ಲ.

ಅವರು ಎದ್ದು ಕಪಾಟಿನಿಂದ ಹಳೆಯ ಕಪ್ಪುಬಿಳುಪು ಫೋಟೋವೊಂದನ್ನು ತಂದರು. ಅಗಲ ಮೂರೂವರೆ ಇಂಚು, ಉದ್ದ ಐದು ಇಂಚು. ಬೊಮ್ ಜೀಸಸ್ ಬೆಸಿಲಿಕಾದ ಎದುರು ಅಪ್ಪ ಮತ್ತು ಅಮ್ಮ ನಿಂತಿದ್ದರು. ನಡುವೆ ಒಬ್ಬರು ನಿಲ್ಲುವಷ್ಟು ಅಂತರ. ಹಿಂಬದಿಯಲ್ಲಿ ಅಪ್ಪನ ಅಕ್ಷರ: "ಹಳೆಯ ಗೋವೆ, 9-2-1982. ಬಸ್ಸು ತಪ್ಪಿತು. ಆಕೆಗೆ ಸಿಟ್ಟು."

"ಮಕ್ಕಳೇ, ಇದನ್ನೂ ಅದರಲ್ಲಿ ಹಾಕಿ," ಎಂದರು ಅಮ್ಮ.

ಆ ಫೋಟೋದ ಎರಡೂ ಬದಿಗಳನ್ನು ಇಂಚಿಗೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದೆವು. 2100ಕ್ಕೆ 3000 ಪಿಕ್ಸೆಲ್ ಬಂದಿತು. ಏಳು ಇಂಚು ಅಗಲ, ಹತ್ತು ಇಂಚು ಉದ್ದಕ್ಕೆ ಮುದ್ರಿಸಿದರೂ ಮುಖಗಳು ಕೆಡಲಿಲ್ಲ. ಮೂವತ್ತೇಳು ವರ್ಷಗಳಷ್ಟು ಹೊಸದಾದ ನಮ್ಮ ಚಿತ್ರಗಳಲ್ಲಿ ಒಂದಕ್ಕೂ ಅಷ್ಟು ದೊಡ್ಡದಾಗುವ ಶಕ್ತಿ ಉಳಿದಿರಲಿಲ್ಲ. ಹನ್ನೆರಡನೆಯ ಪುಟ ಅವರಿಬ್ಬರದಾಯಿತು. ಹಿಂಬದಿಯ ಬರಹವನ್ನು ಚಿತ್ರದ ಕೆಳಗೆ ಅಪ್ಪನ ಅಕ್ಷರದಲ್ಲೇ ಇಟ್ಟಿದ್ದೇವೆ.

ಕಾಗದದ ಫೋಟೋಗೆ ಹಿಂಬದಿಯೆಂಬುದಿತ್ತು; ಅಲ್ಲಿ ಒಂದು ಸಾಲು ಬರೆಯುವ ಅಭ್ಯಾಸ ಹಿರಿಯರಲ್ಲಿತ್ತು. ಫೋನಿನ ಚಿತ್ರಕ್ಕೆ ಹಿಂಬದಿಯಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ನವದಂಪತಿಗಳು ಪ್ರವಾಸದಿಂದ ಮರಳಿದ ತಿಂಗಳೊಳಗೆ, ಇಬ್ಬರೂ ಜೊತೆಯಾಗಿ ಕುಳಿತು, ಹತ್ತೇ ಚಿತ್ರಗಳನ್ನು ಆರಿಸಿ, ಪ್ರತಿಯೊಂದಕ್ಕೂ ಸ್ಥಳ, ದಿನ ಮತ್ತು ಒಂದು ನಿಜವಾದ ಮಾತನ್ನು ಬರೆದಿಡಲಿ. ಮದುವೆಯಾಗಿ ವರ್ಷಗಳು ಸಂದವರು ಈ ಆದಿತ್ಯವಾರವೇ ಆರಂಭಿಸಬಹುದು. ಮನೆಯಲ್ಲಿ ಹಿರಿಯರಿದ್ದರೆ ಅವರ ಹಳೆಯ ಫೋಟೋಗಳನ್ನೂ ಹೊರಗೆ ತೆಗೆಸಿ, ಹಿಂಬದಿಯನ್ನು ತಿರುಗಿಸಿ ನೋಡಿರಿ. ಅಲ್ಲಿ ಏನೂ ಬರೆದಿಲ್ಲವಾದರೆ, ಕೇಳಿ ಬರೆದುಕೊಳ್ಳಲು ಅವರು ಇನ್ನೂ ನಮ್ಮೊಡನಿದ್ದಾರೆ.