ಕೋತಿಗೆ ವೈರಸ್ ಇದೆ, ಏಡ್ಸ್ ಇಲ್ಲ. ಅದ್ಹೇಗೆ?

ಹೋದ ಸಂಚಿಕೆ ಕೇಳಿದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಎಚ್‌ಐವಿ ಬಂದಿದ್ದು ಕೋತಿಗಳಿಂದ ಅಂತೀರಲ್ಲ, ಹಾಗಿದ್ರೆ ಕೋತಿಗಳೆಲ್ಲ ಯಾಕೆ ಏಡ್ಸ್‌ನಿಂದ ಸಾಯ್ತಿಲ್ಲ?" ಪ್ರಶ್ನೆ ಚಿಕ್ಕದು. ಉತ್ತರ ಹುಡುಕೋಕೆ ವಿಜ್ಞಾನಿಗಳಿಗೆ ದಶಕಗಳೇ ಹಿಡಿದಿವೆ, ಹುಡುಕಾಟ ಇನ್ನೂ ಮುಗಿದಿಲ್ಲ.

ಕೋತಿಗಳಲ್ಲಿರೋದು ಎಸ್‌ಐವಿ, ನಮ್ಮ ಎಚ್‌ಐವಿಯ ಮೂಲ. ಆಫ್ರಿಕಾದ 40ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಇದು ಸಿಕ್ಕಿದೆ. ಕ್ಯಾಮರೂನ್‌ನ ಆಗ್ನೇಯ ಭಾಗದ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ್ದೇ ಇವತ್ತು ಜಗತ್ತಿನ ತುಂಬ ಹಬ್ಬಿರುವ ಎಚ್‌ಐವಿ-1. ಎಚ್‌ಐವಿ-2 ಬಂದಿದ್ದು ಪಶ್ಚಿಮ ಆಫ್ರಿಕಾದ ಸೂಟಿ ಮಂಗಾಬೆ ಅನ್ನೋ ಬೂದುಬಣ್ಣದ ಕೋತಿಯಿಂದ.

ಈ ಮಂಗಾಬೆಯ ರಕ್ತ ಪರೀಕ್ಷೆ ಮಾಡಿದ್ರೆ ತುಂಬಾ ವೈರಸ್ ಕಾಣುತ್ತೆ. ಅಷ್ಟು ವೈರಸ್ ಇರೋ ಮನುಷ್ಯ ಚಿಕಿತ್ಸೆ ಪಡೀದೇ ಇದ್ರೆ ಕೆಲವು ವರ್ಷಗಳಲ್ಲಿ ಹಾಸಿಗೆ ಹಿಡೀತಾನೆ. ಮಂಗಾಬೆ ಮಾತ್ರ ಆರಾಮಾಗಿ ಮರ ಹತ್ತಿಕೊಂಡು, ಮರಿ ಹಾಕಿಕೊಂಡು ಇರುತ್ತೆ. ಅದರ ದೇಹ ವೈರಸ್ಸನ್ನ ಹೊಡೆದೋಡಿಸ್ತಿದೆ ಅಂದ್ಕೋಬೇಡಿ, ವೈರಸ್ ಇದ್ದಲ್ಲೇ ಇದೆ. ದೇಹ ಅದರ ಮೇಲೆ ರೇಗಾಡೋದನ್ನ ನಿಲ್ಲಿಸಿದೆ, ಅಷ್ಟೇ. ಮನುಷ್ಯರಲ್ಲಿ ರೋಗನಿರೋಧಕ ವ್ಯವಸ್ಥೆ ವರ್ಷಗಟ್ಟಲೆ ಉದ್ರಿಕ್ತವಾಗಿದ್ದು, ಕೊನೆಗೆ ತಾನೇ ಸುಸ್ತಾಗಿ ಕುಸಿಯುತ್ತೆ. ಮಂಗಾಬೆಯಲ್ಲಿ ಆರಂಭದ ಗಲಾಟೆ ಕೆಲವೇ ವಾರಗಳಲ್ಲಿ ತಣ್ಣಗಾಗುತ್ತೆ. 2018ರಲ್ಲಿ ಇದರ ಪೂರ್ತಿ ಜೀನೋಮ್ ಪ್ರಕಟವಾದಾಗ ಒಂದು ಸುಳಿವು ಸಿಕ್ಕಿತು. ಅಪಾಯದ ಗಂಟೆ ಬಾರಿಸುವ ಟಿಎಲ್‌ಆರ್4 ಅನ್ನೋ ಜೀನ್‌ನ ಕೊನೆಯ ಭಾಗ ಇದರಲ್ಲಿ ಬೇರೆ ಥರ ಇದೆ, ಹಾಗಾಗಿ ಗಂಟೆ ಮೆಲ್ಲಗೆ ಬಾರಿಸುತ್ತೆ.

ಇಂಥ ಹೊಂದಾಣಿಕೆ ಒಂದೆರಡು ತಲೆಮಾರಿನಲ್ಲಿ ಆಗೋದಲ್ಲ. ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ ಬಿಯೊಕೊ ಅಂತ ಒಂದು ದ್ವೀಪ ಇದೆ. ಅಲ್ಲಿನ ಕೋತಿಗಳ ವೈರಸ್ಸನ್ನ ಮುಖ್ಯಭೂಮಿಯ ವೈರಸ್ ಜೊತೆ ಹೋಲಿಸಿದಾಗ, ಎಸ್‌ಐವಿಗೆ ಕನಿಷ್ಠ 32,000 ವರ್ಷ ವಯಸ್ಸು ಅಂತ 2010ರಲ್ಲಿ ಲೆಕ್ಕ ಸಿಕ್ಕಿತು. ಇವತ್ತು ಕಾಣೋ ಆರೋಗ್ಯವಂತ ಕೋತಿಗಳು ಅಷ್ಟೂ ಕಾಲದಲ್ಲಿ ಉಳಿದವುಗಳ ಸಂತಾನ. ಸತ್ತವು ಎಷ್ಟೋ, ಲೆಕ್ಕ ಇಟ್ಟವರು ಯಾರು?

ಚಿಂಪಾಂಜಿಗಳ ಕಥೆ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. ಅವು ಸಣ್ಣ ಕೋತಿಗಳನ್ನ ಬೇಟೆಯಾಡಿ ತಿಂತಾವೆ, ವೈರಸ್ ಅಲ್ಲಿಂದಲೇ, ಆಮೇಲೆ ಬಂದಿದ್ದು. ಚಿಂಪಾಂಜಿಗೂ ಇದು ನಿರಪಾಯಕಾರಿ ಅಂತ ಬಹಳ ಕಾಲ ನಂಬಿದ್ರು. ಟಾಂಜಾನಿಯಾದ ಗೊಂಬೆ ಉದ್ಯಾನದ ಅಧ್ಯಯನ 2009ರಲ್ಲಿ ಆ ನಂಬಿಕೆ ಮುರೀತು. ಸೋಂಕಿತ ಚಿಂಪಾಂಜಿಗಳ ಸಾವಿನ ಅಪಾಯ ಅದೇ ವಯಸ್ಸಿನ ಬೇರೆಯವಕ್ಕಿಂತ 10ರಿಂದ 16 ಪಟ್ಟು ಹೆಚ್ಚಿತ್ತು.

ಇನ್ನು ನಮ್ಮ ಕಡೆಯ ಮಂಗ. ಏಷ್ಯಾದ ಮಕಾಕ್‌ಗಳಿಗೆ ಕಾಡಿನಲ್ಲಿ ಎಸ್‌ಐವಿ ಇಲ್ಲ. ಆದ್ರೆ ಅಮೆರಿಕದ ಸಂಶೋಧನಾ ಕೇಂದ್ರಗಳಲ್ಲಿ ಮಂಗಾಬೆಯ ವೈರಸ್ ರೀಸಸ್ ಕೋತಿಗಳಿಗೆ ದಾಟಿತು, ಅವು ಏಡ್ಸ್ ಥರದ್ದೇ ಕಾಯಿಲೆಯಿಂದ ಸತ್ತವು. ಅಲ್ಲಿ ಭಾರತ ಮೂಲದ ರೀಸಸ್‌ಗಳೂ ಬಹಳ ಇವೆ, 1978ರಲ್ಲಿ ಭಾರತ ರಫ್ತು ನಿಷೇಧಿಸುವ ಮೊದಲು ಹೋದವುಗಳ ವಂಶ. (ನಮ್ಮ ದೇವಸ್ಥಾನದ ಮುಂದೆ ಬಾಳೆಹಣ್ಣು ಕಿತ್ಕೊಳ್ಳೋದು ಬಾನೆಟ್ ಮಕಾಕ್. ರೀಸಸ್ ಉತ್ತರ ಭಾರತದ್ದು.)

ಎಲ್ಲಾ ರೀಸಸ್‌ಗಳೂ ಒಂದೇ ವೇಗದಲ್ಲಿ ಸಾಯಲ್ಲ. 'ಮಾಮು-ಬಿ08' ಅಥವಾ 'ಬಿ17' ಅನ್ನೋ ಜೀನ್ ರೂಪ ಇರೋ ಕೆಲವು, ಔಷಧಿ ಇಲ್ಲದೇ ವೈರಸ್ಸನ್ನ ಕಟ್ಟಿಹಾಕ್ತವೆ. ಮನುಷ್ಯರಲ್ಲೂ ಇದೇ ಕೆಲಸ ಮಾಡುವ ಎಚ್‌ಎಲ್‌ಎ-ಬಿ57, ಬಿ27 ಇವೆ.

ಮಜಾ ಅಂದ್ರೆ, ನಮ್ಮ ಎಚ್‌ಐವಿ-1 ರೀಸಸ್‌ಗೆ ಅಂಟಲ್ಲ. ಕಾರಣಗಳಲ್ಲಿ ದೊಡ್ಡದೊಂದು ಸಿಕ್ಕಿದ್ದು 2004ರಲ್ಲಿ: ಟ್ರಿಮ್-5 ಆಲ್ಫಾ ಅನ್ನೋ ಪ್ರೋಟೀನ್. ವೈರಸ್ ತನ್ನ ಜೀನ್‌ಗಳನ್ನ ಒಂದು ಚಿಪ್ಪಿನಲ್ಲಿಟ್ಟು ಕೋಶದೊಳಗೆ ನುಗ್ಗುತ್ತೆ. ಈ ಪ್ರೋಟೀನ್ ಆ ಚಿಪ್ಪಿನ ಮೇಲೆ ಬಲೆ ಹಾಕಿ ಕೆಲಸ ಕೆಡಿಸುತ್ತೆ. ನಮ್ಮಲ್ಲೂ ಅದೇ ಪ್ರೋಟೀನ್ ಇದೆ, ಆದ್ರೆ ಎಚ್‌ಐವಿಯ ಚಿಪ್ಪನ್ನ ಸರಿಯಾಗಿ ಹಿಡಿಯಲ್ಲ. ಸುಮಾರು 500 ಮಣಿಗಳ ಸರದಂತಿರೋ ನಮ್ಮ ಪ್ರೋಟೀನ್‌ನಲ್ಲಿ, 332ನೇ ಜಾಗದ ಒಂದೇ ಒಂದು ಮಣಿ ಬದಲಾಯಿಸಿದ್ರೆ, ಲ್ಯಾಬ್‌ನಲ್ಲಿ ಅದೂ ಎಚ್‌ಐವಿಯನ್ನ ತಡೆಯುತ್ತೆ. ಒಂದು ಮಣಿ! ಇದನ್ನ ಮೊದಲು ಓದಿದಾಗ ನನಗೆ ಸ್ವಲ್ಪ ಹೊಟ್ಟೆ ಉರೀತು.

ಹಾಗಾದ್ರೆ ಜೀನ್ ಬದಲಾಯಿಸಿಬಿಡೋಣ್ವಾ? ಇಲ್ಲೇ ಇನ್ನೊಂದು ಕೋತಿ ನಮ್ಮನ್ನ ಎಚ್ಚರಿಸುತ್ತೆ. ಎಚ್‌ಐವಿ ಸಾಮಾನ್ಯವಾಗಿ ಕೋಶದೊಳಗೆ ಹೋಗೋಕೆ ಬಳಸೋ ಬಾಗಿಲು ಸಿಸಿಆರ್5. ಯುರೋಪ್ ಮೂಲದ ಸುಮಾರು 100ರಲ್ಲಿ ಒಬ್ಬರಿಗೆ ತಂದೆ-ತಾಯಿ ಇಬ್ಬರಿಂದಲೂ ಈ ಜೀನ್ ಮುರಿದ ರೂಪದಲ್ಲೇ ಬಂದಿರುತ್ತೆ, ಅವರಿಗೆ ಸೋಂಕು ತಗಲೋದು ತೀರಾ ಅಪರೂಪ. ಅಂಥ ದಾನಿಯ ಅಸ್ಥಿಮಜ್ಜೆ ಪಡೆದೇ 'ಬರ್ಲಿನ್ ರೋಗಿ' ತಿಮೊಥಿ ರೇ ಬ್ರೌನ್ ಎಚ್‌ಐವಿಯಿಂದ ಮುಕ್ತರಾಗಿದ್ದು. ಆದ್ರೆ ಮಧ್ಯ ಆಫ್ರಿಕಾದ ಕೆಂಪುಟೊಪ್ಪಿ ಮಂಗಾಬೆಗಳನ್ನ ನೋಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಆ ಬಾಗಿಲೇ ಇಲ್ಲ. ವೈರಸ್ ಸುಮ್ನಿರ್ಲಿಲ್ಲ, ಪಕ್ಕದ ಸಿಸಿಆರ್2 ಅನ್ನೋ ಬಾಗಿಲಿನಿಂದ ಒಳಗೆ ಬರೋದು ಕಲೀತು. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಭ್ರೂಣದಲ್ಲೇ ಸಿಸಿಆರ್5 ತಿದ್ದಿ ಅವಳಿ ಮಕ್ಕಳು ಹುಟ್ಟಿದ್ದಾರೆ ಅಂತ ಘೋಷಿಸಿ, ಆಮೇಲೆ ಜೈಲಿಗೆ ಹೋದ. ಆ ಮಕ್ಕಳಿಗೆ ಆ ಅಪಾಯದ ಆಟ ಬೇಕಿತ್ತಾ?

ಕೊನೆಗೆ, ಮೆಸೇಜ್ ಕಳಿಸಿದವರ ಎರಡನೇ ಪ್ರಶ್ನೆ: "ನನ್ನಲ್ಲಿ ಆ ಜೀನ್ ಇದ್ಯಾ ಅಂತ ಟೆಸ್ಟ್ ಮಾಡಿಸ್ಲಾ?" ಭಾರತೀಯರಲ್ಲಿ ಅದು ತೀರಾ ಅಪರೂಪ, ದುಡ್ಡು ಉಳಿಸ್ಕೊಳ್ಳಿ. ಅನುಮಾನ ಇದ್ರೆ ಎಚ್‌ಐವಿ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ, ಹೆಸರು ಗುಟ್ಟಾಗಿರುತ್ತೆ. ಚಿಕಿತ್ಸೆ ಬೇಕಾದ್ರೆ ಎಆರ್‌ಟಿ ಮಾತ್ರೆಯೂ ಉಚಿತ. ಸಹಾಯವಾಣಿ ಸಂಖ್ಯೆ 1097. ಪ್ರಶ್ನೆಗಳಿದ್ರೆ ಕಳಿಸ್ತಾ ಇರಿ, ಮುಂದಿನ ವಾರ ಸಿಗೋಣ.