ಅಟ್ಟದ ಮೇಲಿನ ಹಳೆಯ ಬೆಟ್ಟಗಳು

ಕೊಡಗಿನಲ್ಲಿ ಮಳೆ ಹಿಂದೆ ಸರಿಯಿತೆಂದರೆ ಮನೆಯೊಳಗಿನ ಅರ್ಧ ಸಂಸಾರ ಅಂಗಳಕ್ಕೆ ಬರುತ್ತದೆ. ಕಂಬಳಿ, ಹಾಸಿಗೆ, ಚರ್ಮದ ಚಪ್ಪಲಿ, ಪೆಟ್ಟಿಗೆಯ ರೇಷ್ಮೆ ಸೀರೆ, ಎಲ್ಲಕ್ಕೂ ಮೂರು ತಿಂಗಳ ಬೂಷ್ಟು. ಎಲ್ಲಕ್ಕೂ ಬಿಸಿಲು ಬೇಕು. ಮಡಿಕೇರಿಯ ನನ್ನ ಹಿರಿಯ ಗೆಳೆಯರೊಬ್ಬರ ಮನೆಯಲ್ಲಿ ಇವುಗಳ ಜೊತೆಗೆ ಅಟ್ಟದಿಂದ ಒಂದು ತಗಡಿನ ಟ್ರಂಕೂ ಇಳಿಯುತ್ತದೆ. ಅದರ ತುಂಬ ಚಿತ್ರಗಳು.

ಗೆಳೆಯರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಅವರು ತಯಾರು ಮಾಡಿದ ಮಕ್ಕಳು ಈಗ ಊರೂರಿನಲ್ಲಿದ್ದಾರೆ. ಪತ್ರಿಕೆಯಲ್ಲಿ ಹೆಸರು ಬರುವುದು ಅವರಿಗೆ ಇಷ್ಟವಿಲ್ಲ. ನಾವೂ ಮೇಷ್ಟ್ರು ಎಂದೇ ಕರೆಯೋಣ.

ಕಳೆದ ವರ್ಷ ಟ್ರಂಕು ಇಳಿದ ದಿನ ನಾನೂ ಅಲ್ಲಿದ್ದೆ. ಬೆಲ್ಲದ ಕಾಫಿ ಕೈಗಿತ್ತು ಮೇಷ್ಟ್ರು ಹೇಳಿದರು: ‘ಈ ಸಲ ಇದನ್ನೆಲ್ಲ ಬಚ್ಚಲೊಲೆಗೆ ಹಾಕಿಬಿಡುತ್ತೇನೆ. ನಾನು ಸತ್ತ ಮೇಲೆ ಯಾರಾದರೂ ತೆಗೆದು ನೋಡಿದರೆ ಮರ್ಯಾದೆ ಹೋಗುತ್ತದೆ.’

‘ಹಾಕುವ ಮೊದಲು ಒಂದು ಸಲ ನೋಡೋಣ ಮೇಷ್ಟ್ರೇ’ ಎಂದೆ.

ಮೊದಲು ಕೈಗೆ ಬಂದದ್ದು 1971ರ ಜಲವರ್ಣ. ರಾಜಾಸೀಟಿನಿಂದ ಕಾಣುವ ಕಣಿವೆ. ಆಗ ಅವರಿಗೆ ಹತ್ತೊಂಬತ್ತು. ಏಳು ಸಾಲು ಬೆಟ್ಟ. ಏಳಕ್ಕೂ ಒಂದೇ ನೀಲಿ. ನಡುವೆ ಮಂಜು ಇರಬೇಕಾದಲ್ಲಿ ಬಿಳಿಯ ಬಣ್ಣವನ್ನು ದಪ್ಪಗೆ ಮೆತ್ತಿದ್ದಾರೆ. ಮಂಜು ಗೋಡೆಯ ಸುಣ್ಣದ ಹಾಗೆ ಎದ್ದು ಕಾಣುತ್ತದೆ! ಮೇಷ್ಟ್ರು ಹಣೆ ಚಚ್ಚಿಕೊಂಡರು.

ಗೋಡೆಯ ಮೇಲೆ ಅದೇ ಜಾಗದಿಂದ 2003ರಲ್ಲಿ ಬರೆದ ಇನ್ನೊಂದು ಚಿತ್ರ ತೂಗುತ್ತಿತ್ತು. ಅದನ್ನು ಇಳಿಸಿ ಪಕ್ಕದಲ್ಲಿಟ್ಟೆವು. ಇಲ್ಲಿ ಹತ್ತಿರದ ಬೆಟ್ಟ ಕಡು ಹಸಿರು. ದೂರ ಸರಿದಂತೆ ಬಣ್ಣ ತಿಳಿಯಾಗಿ, ನೀಲಿಯಾಗಿ, ಕೊನೆಯ ಸಾಲು ಆಕಾಶದಲ್ಲೇ ಕರಗಿದೆ. ಮಂಜಿಗೆ ಬಣ್ಣವೇ ಇಲ್ಲ, ಬರೀ ಕಾಗದ. ‘ಮಂಜನ್ನು ಬಳಿಯಬಾರದು, ಬಿಡಬೇಕು. ಇಷ್ಟು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು’ ಎಂದರು. ಪುಸ್ತಕ ಓದಿ ತಿಳಿಯದ ಪಾಠ ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ನನಗೂ ತಿಳಿಯಿತು.

ತಮ್ಮ ಹಳೆಯ ಚಿತ್ರಗಳ ಎದುರು ಮುಖ ಮುಚ್ಚಿಕೊಂಡವರು ಮೇಷ್ಟ್ರೊಬ್ಬರೇ ಅಲ್ಲ. ಫ್ರಾನ್ಸಿನ ಜಾರ್ಜ್ ರುವೋ ತಮ್ಮ ಮುಗಿಯದ ಚಿತ್ರಗಳಿಗಾಗಿ ವ್ಯಾಪಾರಿಯ ವಾರಸುದಾರರ ಮೇಲೆ ಮೊಕದ್ದಮೆ ಹೂಡಿ 1947ರಲ್ಲಿ ಗೆದ್ದರು. ಮರುವರ್ಷ ಅವುಗಳಲ್ಲಿ 315ನ್ನು ಸಾಕ್ಷಿಗಳ ಎದುರೇ ಬೆಂಕಿಗೆ ಹಾಕಿದರು. ಈ ವಯಸ್ಸಿನಲ್ಲಿ ಅವನ್ನು ತನ್ನ ಮನಸ್ಸಿಗೊಪ್ಪುವಂತೆ ಮುಗಿಸಲಾಗದು ಎಂಬುದು ಅವರ ಸಂಕಟ. ವ್ಯಾನ್ ಗೋ ನಡೆದದ್ದು ಬೇರೆ ದಾರಿ. 1885ರಲ್ಲಿ ಬರೆದ ‘ಆಲೂಗಡ್ಡೆ ತಿನ್ನುವವರು’ ಚಿತ್ರವನ್ನು ಹೊಸದಾಗಿ ಬರೆಯಬೇಕೆಂದು 1890ರಲ್ಲಿ, ಸಾಯುವ ಕೆಲವೇ ತಿಂಗಳ ಮೊದಲು, ಹಳೆಯ ರೇಖಾಚಿತ್ರಗಳನ್ನು ಕಳುಹಿಸಿಕೊಡುವಂತೆ ತಮ್ಮನಿಗೆ ಕಾಗದ ಬರೆದ. ಅಷ್ಟು ದೂರ ಬಂದ ಮೇಲೂ ಮೊದಲ ಮೆಟ್ಟಿಲನ್ನು ಮರೆಯಲಿಲ್ಲ.

ನಮ್ಮವರೇ ಆದ ಕೆ.ಕೆ. ಹೆಬ್ಬಾರರನ್ನು ನೋಡಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು 1938ರಲ್ಲಿ ಡಿಪ್ಲೊಮಾ ಪಡೆದರು. ಕೈ ಪಳಗಿತ್ತು, ಆದರೆ ಪಾಶ್ಚಾತ್ಯ ಪದ್ಧತಿಯ ಆ ಕೌಶಲ ತನ್ನದಲ್ಲ ಎಂಬ ಅತೃಪ್ತಿ ಕಾಡಿತು. ಅಮೃತಾ ಶೇರ್‌ಗಿಲ್ ಚಿತ್ರಗಳು ಬೇರೆ ದಾರಿ ತೋರಿದವು. ಲಯ ಅರಿಯಲು ಕಥಕ್ ಕಲಿತರು. 1949-50ರಲ್ಲಿ ಪ್ಯಾರಿಸ್ಸಿಗೂ ಹೋಗಿಬಂದರು. ಕಡೆಗೆ ನಾಲ್ಕು ಗೆರೆಯಲ್ಲಿ ಒಬ್ಬ ನರ್ತಕಿಯನ್ನು ಎಬ್ಬಿಸಿ ನಿಲ್ಲಿಸುವ ಹಂತ ಮುಟ್ಟಿದರು. ಆರಂಭದ ಚಿತ್ರಗಳನ್ನು ನೋಡದವರಿಗೆ ಆ ನಾಲ್ಕು ಗೆರೆಗೆ ತೆತ್ತ ಬೆಲೆ ಗೊತ್ತಾಗುವುದಿಲ್ಲ.

ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರ (1910-1988) ಕತೆ ಇನ್ನೂ ವಿಚಿತ್ರ. ಹರೆಯದಲ್ಲಿ ಕುಂಚ ಹಿಡಿದವರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. ಆಮೇಲೆ ‘ತಾಯಿನಾಡು’ ಪತ್ರಿಕೆ, ರಾಜಕೀಯ. ವರ್ಷಗಳು ಉರುಳಿದವು. ಐವತ್ತು ದಾಟಿದ ಮೇಲೆ, 1960ರ ದಶಕದಲ್ಲಿ, ಬಿಟ್ಟಲ್ಲಿಂದಲೇ ಮತ್ತೆ ಕುಂಚ ಎತ್ತಿಕೊಂಡು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ನಿಲ್ಲಿಸಿದವರಿಗೂ ಬಾಗಿಲು ಮುಚ್ಚಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮತ್ತೆ ಟ್ರಂಕಿಗೆ ಬರೋಣ. ತಳದಲ್ಲಿ ಒಂದು ಚಿತ್ರವಿತ್ತು. ಅಂಚಿಗೆ ಗೆದ್ದಲು ಹಿಡಿದಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ‘ಮಕ್ಕಂದೂರು, 1976’ ಎಂದಿತ್ತು. ಒಂದು ಇಳಿಜಾರು, ಕೆಳಗೆ ಗದ್ದೆ, ಗದ್ದೆಯಂಚಿನಲ್ಲಿ ತೊರೆ, ಕಾಫಿತೋಟದ ನಡುವೆ ಹೆಂಚಿನ ಮನೆ. ಮನೆಯ ಗೋಡೆ ವಾಲಿದೆ, ಬಾಗಿಲಿಗಿಂತ ಹಸು ದೊಡ್ಡದಿದೆ. ‘ಅಳತೆಯೇ ಗೊತ್ತಿರಲಿಲ್ಲ ನೋಡಿ’ ಎಂದು ನಗಲು ಹೊರಟ ಮೇಷ್ಟ್ರು ಅರ್ಧಕ್ಕೇ ನಿಂತರು.

2018ರ ಆಗಸ್ಟಿನಲ್ಲಿ ಆ ಕಡೆಯ ಗುಡ್ಡಗಳು ಕುಸಿದದ್ದು ನಿಮಗೆ ನೆನಪಿರಬಹುದು. ಮಕ್ಕಂದೂರು, ಕಾಲೂರು, ಜೋಡುಪಾಲ ಎಂದು ದಿನವೂ ಪತ್ರಿಕೆಯಲ್ಲಿ ಹೆಸರುಗಳು ಬರುತ್ತಿದ್ದವು. ಮೇಷ್ಟ್ರು ಬರೆದಿದ್ದ ಆ ಇಳಿಜಾರು ಈಗ ಇಲ್ಲ. ಗದ್ದೆಯ ಮೇಲೆ ಕೆಂಪು ಮಣ್ಣು ಕೂತಿದೆ. ಆ ಮನೆಯವರು ಜೀವ ಉಳಿಸಿಕೊಂಡು ಹೊರಬಂದರು. ಗೋಡೆಯ ಮೇಲಿನ ಫೋಟೋ ಕೂಡ ತರಲಾಗಲಿಲ್ಲವಂತೆ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲನೆ ಹೇಳಿದರು: ‘ಈಗಿನ ಕೈಯಲ್ಲಿ ಬರೆದಿದ್ದರೆ ಆ ಮನೆಯನ್ನು ಮಂಜಿನಲ್ಲಿ ಮುಚ್ಚಿಬಿಡುತ್ತಿದ್ದೆ. ಚಿತ್ರ ಚೆನ್ನಾಗಿರುತ್ತಿತ್ತು, ಮನೆ ಇರುತ್ತಿರಲಿಲ್ಲ. ಆಗ ಏನನ್ನು ಬಿಡಬೇಕೆಂದು ಗೊತ್ತಿರಲಿಲ್ಲ. ಅದಕ್ಕೇ ಕಂಡದ್ದನ್ನೆಲ್ಲ ಬರೆದಿದ್ದೇನೆ.’

ಬೆಳೆದಿದ್ದೇವೆಯೇ ಎಂದು ನೋಡಲು ಹಳೆಯ ಚಿತ್ರ ತೆಗೆಯುತ್ತೇವೆ. ಗಳಿಸಿದ್ದು ಕಣ್ಣಿಗೆ ಬೇಗ ಬೀಳುತ್ತದೆ. ಕಳೆದುಕೊಂಡದ್ದು ಕಾಣಬೇಕಾದರೆ ಸ್ವಲ್ಪ ಹೊತ್ತು ಕೂರಬೇಕು.

ನಿಮ್ಮ ಅಟ್ಟದಲ್ಲೂ ಇಂಥದೊಂದು ಕಟ್ಟು ಇದ್ದರೆ ಮೇಷ್ಟ್ರ ಕೆಲವು ಮಾತು ಉಪಯೋಗಕ್ಕೆ ಬಂದೀತು. ಹಳೆಯ ಚಿತ್ರವನ್ನು ತಿದ್ದಬೇಡಿ. ಬೇಕಿದ್ದರೆ ಅದೇ ವಿಷಯವನ್ನು ಹೊಸ ಕಾಗದದಲ್ಲಿ ಬರೆದು ಪಕ್ಕದಲ್ಲಿಟ್ಟು ನೋಡಿ. ಪ್ರತಿ ಚಿತ್ರದ ಹಿಂದೆ ಊರು, ವರ್ಷ ಬರೆದಿಡಿ, ಪೆನ್ಸಿಲಿನಲ್ಲೇ. ಶಾಯಿ ತೇವಕ್ಕೆ ಹರಡುತ್ತದೆ. ಜಲವರ್ಣವನ್ನು ನೇರ ಬಿಸಿಲಿಗೆ ಹಾಕಬೇಡಿ; ಕಡುಗೆಂಪಿನಂಥ ಕೆಲವು ಬಣ್ಣ ಬೇಗ ಮಾಸುತ್ತವೆ. ಗಾಳಿಯಾಡುವ ನೆರಳೇ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಹೆಚ್ಚುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಲ್ಲಿ ಇದು ಸಣ್ಣ ಮಾತಲ್ಲ. ಮೋನೆಯಂಥ ಮೋನೆಯೇ ಬಾಡಿಗೆ ಬಾಕಿಗಾಗಿ ಮನೆ ಮಾಲಿಕನ ಬಳಿ ಒತ್ತೆಯಿಟ್ಟ ದೊಡ್ಡ ಚಿತ್ರವೊಂದನ್ನು 1884ರಲ್ಲಿ ಬಿಡಿಸಿಕೊಂಡಾಗ ಅದು ತೇವಕ್ಕೆ ಕೆಟ್ಟಿತ್ತು. ಉಳಿದಷ್ಟನ್ನು ಕತ್ತರಿಸಿ ಇಟ್ಟುಕೊಳ್ಳಬೇಕಾಯಿತು.

ಬಚ್ಚಲೊಲೆಯ ವಿಚಾರ ಆ ದಿನ ಮತ್ತೆ ಬರಲಿಲ್ಲ. ರಾಜಾಸೀಟಿನ ಸುಣ್ಣದ ಮಂಜು ಟ್ರಂಕಿಗೇ ವಾಪಸು ಹೋಯಿತು. ಮಕ್ಕಂದೂರಿನ ಚಿತ್ರಕ್ಕೆ ಮೇಷ್ಟ್ರು ಕಟ್ಟು ಹಾಕಿಸಿದರು. ವಾಲಿದ ಗೋಡೆಯನ್ನು ನೆಟ್ಟಗೆ ಮಾಡಲಿಲ್ಲ, ಹಸುವನ್ನೂ ಚಿಕ್ಕದು ಮಾಡಲಿಲ್ಲ. ಈಗ ಬೇರೆ ಊರಿನಲ್ಲಿರುವ ಆ ಮನೆಯವರಿಗೆ ಅದನ್ನು ಒಂದು ಭಾನುವಾರ ಬಸ್ಸಿನಲ್ಲಿ ತಾವೇ ಹೊತ್ತುಕೊಂಡು ಹೋಗಿ ಕೊಟ್ಟುಬಂದರು.

‘ಏನೆಂದರು?’ ಎಂದು ಕೇಳಿದೆ.

‘ಹಸುವಿನ ಹೆಸರು ಹೇಳಿದರು’ ಎಂದರು ಮೇಷ್ಟ್ರು.