ಬಲಸಾಧನೆಗೆ ಅರ್ಧಶಕ್ತಿಯ ಮಿತಿ

"ತೋಟದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ?" ಎಂದು ಕಣಕಟ್ಟೆ ಭಾಗದ ಸದ್ಭಕ್ತರು ನಮ್ಮನ್ನು ಕೇಳುವುದುಂಟು. ನೇಗಿಲು ಹಿಡಿದು ಉತ್ತು, ಬಾವಿಯಿಂದ ನೀರು ಸೇದುತ್ತಿದ್ದ ಕಾಲಕ್ಕೆ ಈ ಮಾತು ಸಲ್ಲುತ್ತಿತ್ತು. ಇಂದು ಉಳುವುದು ಟ್ರ್ಯಾಕ್ಟರು, ನೀರೆತ್ತುವುದು ಮೋಟಾರು, ತೆಂಗಿನ ತೋಟಕ್ಕೆ ಹೋಗಿಬರುವುದು ಬೈಕಿನಲ್ಲಿ. ನಡುವಯಸ್ಸು ದಾಟಿದ ಮೇಲೆ ಬಳಸದ ಮಾಂಸಧಾತು ಕ್ರಮೇಣ ಕ್ಷೀಣಿಸುತ್ತದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಮಾಂಸಖಂಡಗಳೇ ಆದ್ದರಿಂದ ಮಧುಮೇಹಿಗಳಿಗೆ ಇದು ಇಮ್ಮಡಿ ನಷ್ಟ. ವಾರಕ್ಕೆ ಕನಿಷ್ಠ 2 ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಹೊಸದಾಗಿ ತೊಡಗುವ ಪುರುಷರು ಎಡವುವುದು ಸೋಮಾರಿತನದಿಂದಲ್ಲ, ಆತುರದಿಂದ. ಮೊದಲ ದಿನವೇ ನೂರು ಬಸ್ಕಿ ಹೊಡೆದು, ಮೂರನೆಯ ದಿನ ಮೆಟ್ಟಿಲಿಳಿಯಲಾರದೆ ಎಲ್ಲವನ್ನೂ ಕೈಬಿಡುತ್ತಾರೆ. ಅಷ್ಟಾಂಗಹೃದಯದಲ್ಲಿ ವಾಗ್ಭಟಾಚಾರ್ಯರು, ಬಲಿಷ್ಠನೂ ಸ್ನಿಗ್ಧಾಹಾರ ಸೇವಿಸುವವನೂ ಸಹ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆ ಎಂದಿದ್ದಾರೆ. ಹಣೆ, ಕಂಕುಳಲ್ಲಿ ಬೆವರೊಡೆದು, ಮೂಗಿನ ಉಸಿರು ಬಾಯಿಗೆ ಬಂದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯತಕ್ಕದ್ದು. ಅಲ್ಲಿಗೆ ನಿಲ್ಲಿಸಬೇಕು.

ನಮ್ಮ ಜಿಲ್ಲೆಯ ಬೇಲೂರನ್ನು ನೆನೆದರೆ ರಾಣಿ ಶಾಂತಲೆ ನೆನಪಾಗುತ್ತಾಳೆ. ಆಕೆಯನ್ನು ಕುರಿತು 'ಶಾಂತಲಾ' ಕಾದಂಬರಿ ಬರೆದ ಕೆ. ವಿ. ಅಯ್ಯರ್ (1897–1980) ಹೆಸರಾಂತ ಅಂಗಸಾಧಕರೆಂಬುದನ್ನು ಇಂದಿನ ತರುಣರು ಅಷ್ಟಾಗಿ ಅರಿಯರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಅವರು ಪಾಶ್ಚಾತ್ಯರ ಬಾರ್ಬೆಲ್ಲನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದರು. ಗರಡಿಯೋ ಜಿಮ್ಮೋ ಎಂಬ ವಾದ ನಮಗಂತೂ ವ್ಯರ್ಥವೆನಿಸುತ್ತದೆ.

ಆರಂಭಕ್ಕೆ ಮನೆಯ ಅಂಗಳ ಸಾಕು. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಎಳ್ಳೆಣ್ಣೆಯಿಂದ ಮಂಡಿ, ಭುಜಗಳನ್ನು ತಿಕ್ಕಿ, ಕುರ್ಚಿಯ ಮೇಲೆ ಕೂತೇಳುವಂತೆ 10 ಬಸ್ಕಿ. ಗೋಡೆಗೆ ಅಂಗೈಯೂರಿ 10 ದಂಡ. ಬಳಿಕ ಅರ್ಧ ತುಂಬಿದ ಕೊಡವನ್ನು, ಬೆನ್ನು ಬಾಗಿಸದೆ ಮಂಡಿ ಮಡಿಸಿ, ಐದಾರು ಬಾರಿ ಎತ್ತಿ ಇಳಿಸಬೇಕು. ತೆಂಗಿನಕಾಯಿ ಮೂಟೆ ಎತ್ತುವಾಗಲೂ ಇದೇ ಕ್ರಮ ಪಾಲಿಸಿದರೆ ಸೊಂಟ ಹಿಡಿದುಕೊಳ್ಳುವುದು ಎಷ್ಟೋ ತಪ್ಪುತ್ತದೆ. ಎತ್ತುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಒಂದು ದಿನ ಮಾಡಿ ಒಂದು ದಿನ ಬಿಡಬೇಕು, ಏಕೆಂದರೆ ಮಾಂಸಧಾತು ಬೆಳೆಯುವುದು ವಿಶ್ರಾಂತಿಯಲ್ಲಿ. ಎರಡು ವಾರ ಸಲೀಸಾಗಿ ನಡೆದರೆ ಎರಡೆರಡು ಹೆಚ್ಚಿಸಬಹುದು.

ಹೆಸರು ಗೊತ್ತಿಲ್ಲದ ಡಬ್ಬಿಯ ಪುಡಿಗಳಿಗೆ ಹಣ ಸುರಿಯುವುದನ್ನು ನಾವು ಒಪ್ಪೆವು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ರಾಗಿಮುದ್ದೆಯೊಡನೆ ಹುರುಳಿಸಾರು, ಮೊಳಕೆಕಾಳು, ಮೊಸರು ಇದ್ದರೆ ಆರಂಭಿಕರಿಗೆ ಕೊರತೆಯಾಗದು. ಹುರುಳಿ ಉಷ್ಣವಾದುದರಿಂದ ಪಿತ್ತಪ್ರಕೃತಿಯವರು ಹೆಸರುಕಾಳು ಬಳಸಲಿ.

ಅಜೀರ್ಣ, ಜ್ವರ ಇರುವ ದಿನ ವ್ಯಾಯಾಮ ಸಲ್ಲದು. ಹೃದ್ರೋಗ, ಅಂಡವಾಯು, ಹತೋಟಿಗೆ ಬಾರದ ರಕ್ತದೊತ್ತಡ ಉಳ್ಳವರು ಮೊದಲು ವೈದ್ಯರಿಗೆ ತೋರಿಸಿಯೇ ತೊಡಗಬೇಕು. ಮಾಡುವಾಗ ಎದೆ ಹಿಡಿದಂತಾದರೆ, ಎಡತೋಳಿಗೆ ನೋವಿಳಿದರೆ, "ವಾಯು ಇರಬೇಕು" ಎಂದು ಓಮದ ನೀರು ಕುಡಿದು ಕೂರದೆ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.